ಕ್ಯಾರಿಯರ್ ಹಿಡಿದ ಕೈ

ನನ್ನ ಕೈಗೆ ರೋಗ ಬಂದಾಗ ನಾವು ರಿಪೇರಿಗೆ ಕೊಟ್ಟದ್ದು ಮಿಷನ್ನನ್ನು.

ಬಸವಕಲ್ಯಾಣದ ಪೇಟೆಯಲ್ಲಿ ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ನಮ್ಮ ಕಡೆ ಮದುವೆಗೋ ಕುಬಸಕ್ಕೋ ಪಾತ್ರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಹಾಕಿಸದೆ ಕೊಡುವುದಿಲ್ಲ. ಕೊಡ ಸೋರಿದರೂ ಚಿಂತೆಯಿಲ್ಲ, ಹೆಸರು ಮಾತ್ರ ಎದ್ದು ಕಾಣಬೇಕು. ಆ ಹೆಸರು ಕೊರೆಯುವ ಕೆಲಸ ನನ್ನದು. ಅದಕ್ಕೆಂದೇ ಪೆನ್ನಿನ ಹಾಗೆ ಹಿಡಿಯುವ ಒಂದು ಕರೆಂಟಿನ ಮಿಷನ್ ಇದೆ. ಗುರ್ ಎಂದು ನಡುಗುತ್ತ ಸ್ಟೀಲಿನ ಮೇಲೆ ಅಕ್ಷರ ಮೂಡಿಸುತ್ತದೆ. ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮ ಮನೆಯವರು ಅದನ್ನು ನನ್ನ ಕೈಗೆ ಕೊಟ್ಟಿದ್ದರು, ಏಕೆಂದರೆ ನನ್ನ ಅಕ್ಷರ ದುಂಡಗಿತ್ತು. ಈ ತಾಲೂಕಿನಲ್ಲಿ ನನ್ನ ಅಕ್ಷರವಿಲ್ಲದ ಅಡುಗೆಮನೆ ಕಡಿಮೆ ಎಂದು ಆಗ ಬೀಗುತ್ತಿದ್ದೆ, ಈಗಲೂ ಬೀಗುತ್ತೇನೆ.

ಒಂದು ದಿನ ನಿರ್ಣಾ ಊರಿನ ಗಿರಾಕಿಯೊಬ್ಬ ಕೊಡ ವಾಪಸು ತಂದ.

"ಅಕ್ಕೋರ, ನಮ್ಮ ಮಾವನ ಹೆಸರ ನೋಡ್ರಿ. ಶುರುವಿಗಿ ಛಂದ ಅದ, ಹೋಗ್ತ ಹೋಗ್ತ ಇರಿವಿ ಆಗ್ಯಾದ."

ನೋಡಿದರೆ ಹೌದು. ಮೊದಲ ಅಕ್ಷರ ಹೆಬ್ಬೆರಳಷ್ಟು, ಕೊನೆಯದು ಜೋಳದ ಕಾಳಿಗಿಂತ ಸಣ್ಣದು. ಮಿಷನ್ ಕೆಟ್ಟಿದೆ ಎಂದು ನಮ್ಮ ಮನೆಯವರು ಅದನ್ನು ಹುಮನಾಬಾದಿಗೆ ರಿಪೇರಿಗೆ ಒಯ್ದರು. ಬಂದ ಮೇಲೂ ಅದೇ ಕಥೆ. ಹೊಸದನ್ನು ತಂದರು. ಹೊಸ ಮಿಷನ್ನಿನಲ್ಲೂ ಹೆಸರುಗಳು ಕುಗ್ಗಿದವು. "ಈಗಿನ ಮಾಲೇ ಬರಾಬರಿ ಇಲ್ಲ" ಎಂದು ಅವರು ಕಂಪನಿಯನ್ನು ಬೈದರು. ನಡುಗುವ ಮಿಷನ್ ಹಿಡಿದವಳಿಗೆ ತನ್ನ ಕೈ ನಡುಗುತ್ತಿದೆ ಎಂದು ಹೇಗೆ ಗೊತ್ತಾಗಬೇಕು? ನಾನೂ ಅವರ ಜೊತೆ ಸೇರಿ ಬೈದೆ.

ಆಮೇಲೆ ಮುಖ ಹೋಯಿತು. ಹೋಯಿತು ಎಂದರೆ ಇದ್ದಲ್ಲೇ ಇತ್ತು, ಅಲುಗಾಡುವುದನ್ನು ಬಿಟ್ಟಿತು. ಮಗಳು ಸವಿತಾಳನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ಅವಳು ಬಸುರಿಯಾಗಿ ಕುಬಸ ಮಾಡಿದ ದಿನ ಬೀಗಿತ್ತಿ ನನಗೆ ಉಡಿ ತುಂಬಿ ಒಂದು ಸೀರೆ ಕೊಟ್ಟರು. ಎಲೆಹಸಿರು ಬಣ್ಣ, ಅಗಲ ಅಂಚು. ನನಗೆ ಮನಸ್ಸು ತುಂಬಿ ಬಂದಿತ್ತು, ಒಳಗೆ ನಗುತ್ತಲೇ ಇದ್ದೆ. ಆ ನಗು ಮುಖದ ತನಕ ಬರಲೇ ಇಲ್ಲ. "ಬೀಗರಿಗಿ ಸೀರಿ ಪಸಂದ್ ಬಿದ್ದಿಲ್ಲ ಕಾಣಸ್ತದ" ಎಂದು ಯಾರೋ ಅಂದರು. ಬೀಗಿತ್ತಿ ನಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂಡಲಿಲ್ಲ. ಸವಿತಾ ನನ್ನನ್ನು ಒಳಗೆ ಕರೆದು, "ಅವ್ವಾ, ಒಂದೀಟ ನಕ್ಕರ ನಿಂದೇನ್ ಹೋಗ್ತದ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. "ನಗಾಕತ್ತೀನಲ್ಲ" ಎಂದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ನಂಬಲಿಲ್ಲ.

ಇದು ಲಕ್ವಾ, ಪಾರ್ಶ್ವವಾಯು ಎಂದು ತೀರ್ಪು ಕೊಟ್ಟವರು ನಮ್ಮ ಮನೆಯವರ ಅಕ್ಕ, ಗುರಮ್ಮಕ್ಕ. ನಮ್ಮ ಹಿತ್ತಿಲಿಗೆ ಅವರ ಮನೆಯ ಗೋಡೆ ತಾಗಿಕೊಂಡಿದೆ. ನಮ್ಮಲ್ಲಿ ಒಗ್ಗರಣೆ ಸಿಡಿದರೆ ಅವರಲ್ಲಿ ಸೀನು. "ಗಾಳಿ ಬಡದದ. ಮಾರಿ ಮ್ಯಾಲ ಗಾಳಿ ಬಡದದ. ಹೊರಗ ಬಿಡಬ್ಯಾಡ ಇಕಿನ್ನ" ಎಂದರು. ಅಂದಿನಿಂದ ನನಗೆ ಗಾಳಿಯೇ ವೈರಿ. ತಲೆಗೆ ಉಣ್ಣೆಯ ಮಫ್ಲರ್, ಕಿವಿಯಲ್ಲಿ ಹತ್ತಿ, ಕಿಟಕಿ ಬಂದ್, ಫ್ಯಾನ್ ಬಂದ್. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಪಾರಿವಾಳದ ರಕ್ತ ಹಚ್ಚಿದರೆ ಇಳಿಯುತ್ತದೆ ಎಂದು ಒಬ್ಬರು ಬಂದು ಹೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಸತ್ತರೂ ಬೇಡ ಎಂದೆ. ಕುದಿಸಿದ ಎಣ್ಣೆ ತಿಕ್ಕಿಸಿಕೊಂಡು ಮುಚ್ಚಿದ ಕೋಣೆಯಲ್ಲಿ ಕೂತೆ. ಕೂತಷ್ಟೂ ಮೈ ಬಿಗಿಯುತ್ತ ಹೋಯಿತು. ದಿನಕ್ಕೆ ಎಷ್ಟೋ ಸಲ ಅಳುತ್ತಿದ್ದೆ. ಅತ್ತದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ನೀರು ಕಣ್ಣಿನಿಂದ ಇಳಿಯುತ್ತಿತ್ತು, ಮುಖ ಮಾತ್ರ ಅದಕ್ಕೂ ತನಗೂ ಸಂಬಂಧವಿಲ್ಲದ ಹಾಗೆ ಇರುತ್ತಿತ್ತು.

ಕೊನೆಗೆ ಕಾಲು. ಅಡುಗೆಮನೆಯಿಂದ ಪಡಸಾಲೆಗೆ ಬರುವಾಗ ಹೊಸ್ತಿಲಿನ ಹತ್ತಿರ ಪಾದಗಳು ನೆಲಕ್ಕೆ ಅಂಟಿಕೊಂಡು ನಿಂತವು. ಮುಂದೆ ಹೋಗು ಎಂದು ನಾನು ಹೇಳುತ್ತಿದ್ದೇನೆ, ಅವು ಕೇಳುತ್ತಿಲ್ಲ. ಮೈ ಮುಂದೆ ಬಾಗಿತು, ಕಾಲು ಹಿಂದೆ ಉಳಿಯಿತು. ಬಿದ್ದೆ. ಹಣೆ ಒಡೆದು ಹೊಲಿಗೆ ಬಿದ್ದ ಸುದ್ದಿ ಕೇಳಿ ಸವಿತಾ ಬಂದವಳು ಮಫ್ಲರ್ ಕಿತ್ತೆಸೆದಳು. ಸೋದರತ್ತೆಗೆ ಏನೋ ಅಂದಳು, ಇವತ್ತಿಗೂ ಅವರಿಬ್ಬರ ಮಾತು ಅಷ್ಟಕ್ಕಷ್ಟೇ. ನನ್ನನ್ನು ಹುಮನಾಬಾದಿಗೆ ಕರೆದೊಯ್ದಳು, ನಮ್ಮ ಮನೆಯವರೂ ಜೊತೆಗೆ ಬಂದರು.

ಹುಮನಾಬಾದಿನ ಆ ದವಾಖಾನೆಗೆ ನರರೋಗದ ಡಾಕ್ಟರ್ ತಿಂಗಳಿಗೊಮ್ಮೆ ಬೇರೆ ಊರಿನಿಂದ ಬರುತ್ತಾರೆ. ಆ ದಿನ ಜಾತ್ರೆಗೆ ಬಂದಷ್ಟು ಜನ. ಬೆಂಚು ಸಾಲದೆ ಮೆಟ್ಟಿಲ ಮೇಲೆಲ್ಲ ಕೂತಿರುತ್ತಾರೆ. ನನ್ನ ಪಕ್ಕದಲ್ಲಿ ಹುಡಗಿ ಎಂಬ ಊರಿನ ಗಂಡ ಹೆಂಡತಿ ಇದ್ದರು. ಗಂಡನಿಗೆ ವಯಸ್ಸಾಗಿತ್ತು. ಅವನ ಕೈಯಲ್ಲಿದ್ದ ಚಹಾದ ಲೋಟ ತುಳುಕುತ್ತಿತ್ತು. ಹೆಂಡತಿ ಬೇಸರವಿಲ್ಲದೆ ಸೆರಗಿನಿಂದ ಅವನ ಅಂಗಿ ಒರೆಸುತ್ತಿದ್ದಳು. ನನ್ನ ಕೈ ಮಡಿಲಲ್ಲಿ ಅದೇ ತಾಳದಲ್ಲಿ ಕುಣಿಯುತ್ತಿರುವುದನ್ನು ಅವಳು ನೋಡಿದಳು.

"ನಿಮಗೂ ಇದೇ ಏನ್ರಿ ಅಕ್ಕಾ?"

"ನಂದು ಲಕ್ವಾ ಅಂತಾರ."

"ನಮ್ಮವರಿಗೂ ಮೊದಲ ಹಂಗೇ ಅಂದಿದ್ರು" ಎಂದಳು.

ಒಳಗಿನಿಂದ ಅವರ ಹೆಸರು ಕೂಗಿದರು. ಗಂಡ ಎದ್ದ, ಬಾಗಿಲ ಹತ್ತಿರ ಥೇಟ್ ನನ್ನ ಹಾಗೇ ನಿಂತುಬಿಟ್ಟ. ಆಗ ಅವಳು ಮಾಡಿದ್ದು ನನ್ನ ಕಣ್ಣಿಗೆ ಕಟ್ಟಿದೆ. ತನ್ನ ಚಪ್ಪಲಿ ಬಿಟ್ಟು, ಬರಿಗಾಲನ್ನು ಅವನ ಪಾದದ ಮುಂದೆ ಅಡ್ಡ ಇಟ್ಟಳು. "ದಾಟ್ರಿ" ಎಂದಳು. ಅವನು ಅವಳ ಪಾದವನ್ನು ದಾಟಿ ಹೆಜ್ಜೆ ಇಟ್ಟ. ಮತ್ತೆ ಇಟ್ಟಳು, ಮತ್ತೆ ದಾಟಿದ. ಹಾಗೇ ಒಳಗೆ ಹೋದರು. ನಮ್ಮ ಮನೆಯವರು ಬಾಯಿ ತೆರೆದು ನೋಡುತ್ತಿದ್ದರು. ಅಷ್ಟು ದಿನಗಳಲ್ಲಿ ಮೊದಲ ಸಲ, ನನ್ನಂಥ ಕಾಲು ಇನ್ನೊಬ್ಬರಿಗೂ ಇದೆ ಎಂದು ನನಗೆ ಜೀವಕ್ಕೆ ತಂಪಾಯಿತು. ಇನ್ನೊಬ್ಬರ ಕಷ್ಟ ನೋಡಿ ತಂಪಾಗುವುದು ಒಳ್ಳೆಯದಲ್ಲ, ಆದರೆ ಆದದ್ದು ಅದೇ.

ಡಾಕ್ಟರ್ ನನ್ನಿಂದ ಬೆರಳು ಆಡಿಸಿದರು, ನಡೆಸಿದರು, ಹೆಸರು ಬರೆಸಿದರು. ಮಹಾದೇವಿ ಎಂದು ಬರೆದೆ. 'ಮ' ಒಂದು ಅಳತೆ, 'ವಿ' ಇನ್ನೊಂದು ಅಳತೆ. ಅದನ್ನು ನೋಡಿದವರೇ ಹಾಳೆ ಪಕ್ಕಕ್ಕಿಟ್ಟು ಹೇಳಿದರು.

"ಇದು ಲಕ್ವಾ ಅಲ್ರಿ. ಪಾರ್ಕಿನ್ಸನ್ ಅಂತ. ಪೂರಾ ಹೋಗೂದಿಲ್ಲ. ಗುಳಿಗಿ ತಗೊಂಡು ಇದರ ಜೋಡಿ ಬಾಳ್ವೆ ಮಾಡಬೇಕು."

ನಮ್ಮ ಮನೆಯವರು ಒಂದೇ ಮಾತು ಕೇಳಿದರು. "ಅಂದ್ರ ಆ ಮಿಷನ್ ಚಲೋನೇ ಇತ್ತೇನ್ರಿ?"

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಅಲ್ಲೇ ಅಳು ಬಂತು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಗುಳಿಗೆಯ ಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದರು. ಹೋಗುವುದಿಲ್ಲ ಎಂಬ ಮಾತು ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಕೂತಿತ್ತು.

ಗುಳಿಗೆಯಿಂದ ಕೈ ಸ್ವಲ್ಪ ತಣ್ಣಗಾಯಿತು. ಹೊಸ್ತಿಲು ಮಾತ್ರ ದಾರಿ ಬಿಡಲಿಲ್ಲ. ಒಂದು ದಿನ ನಾನು ಅಂಟಿಕೊಂಡು ನಿಂತಾಗ ನಮ್ಮ ಮನೆಯವರು ನಾಚುತ್ತ ತಮ್ಮ ಪಾದವನ್ನು ಮುಂದಿಟ್ಟರು, ದವಾಖಾನೆಯಲ್ಲಿ ಕಂಡ ಆ ಹೆಂಗಸಿನ ಹಾಗೆ. ನಾನು ಹೌಹಾರಿದೆ. ಹೆಂಡತಿಯ ಪಾದವನ್ನು ಗಂಡ ದಾಟಬಹುದು, ಗಂಡನ ಪಾದವನ್ನು ಹೆಂಡತಿ ದಾಟುವುದೆಂದರೇನು? "ತಗೀರಿ, ನನಗ ಪಾಪ ಹಚ್ಚಬ್ಯಾಡ್ರಿ" ಎಂದೆ. ಅವರು ತೆಗೆದರು. ಮತ್ತೆ ಅದರ ಮಾತು ಬರಲಿಲ್ಲ.

ಈಗ ನನ್ನ ಅಣ್ಣನ ವಿಷಯ ಹೇಳಬೇಕು. ಇದನ್ನು ಬರೆಯಲು ಕೂತದ್ದೇ ಅವನಿಗಾಗಿ.

ವೀರಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ನಮ್ಮ ತವರು ಮಂಠಾಳ. ಅಣ್ಣ ಎಮ್ಮೆ ಸಾಕಿ, ದಿನಾ ಬೆಳಿಗ್ಗೆ ಮೋಟರ್‌ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬಸವಕಲ್ಯಾಣಕ್ಕೆ ಬಂದು, ಹೋಟೆಲು ಮನೆಗಳಿಗೆ ಹಾಲು ಹಾಕಿ ಹೋಗುವವನು. ಮಾತು ಕಡಿಮೆ. ನನ್ನ ಬ್ಯಾನೆಯ ಹೆಸರನ್ನು ಅವನು ಒಂದು ಸಲವೂ ಬಾಯಿಂದ ಅನ್ನಲಿಲ್ಲ. ಎಲ್ಲರೂ ಹಣೆ ಮುಟ್ಟಿ, ಕೈ ಹಿಡಿದು, ಅಯ್ಯೋ ಪಾಪ ಅನ್ನುವಾಗ ಅವನು ಹಾಲು ಅಳೆದು ಕೊಟ್ಟು, "ಕುಡಿ" ಎಂದಷ್ಟೇ ಹೇಳಿ ಹೋಗುತ್ತಿದ್ದ. ಆ ಬೇಸಿಗೆಯಲ್ಲಿ ಒಂದು ದಿನ, "ನಡಿ, ನಾಕ ದಿನ ಊರಿಗಿ" ಎಂದು ಕರೆದೊಯ್ದ.

ಅಣ್ಣನ ಮನೆಯ ಅಂಗಳದಲ್ಲಿ ಅವನ ಮೊಮ್ಮಗಳು ಕಾವೇರಿಯ ಸೈಕಲ್ ನಿಂತಿತ್ತು. ಸರ್ಕಾರದವರು ಶಾಲೆಯಲ್ಲಿ ಕೊಟ್ಟದ್ದು. ಅವಳು ಈಗ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದರಿಂದ ನೆರೆಮನೆಯ ಕೋಳಿಗಳಿಗೆ ಕೂಡಲು ಆಗಿತ್ತು. ನಾನು ಅಂಗಳ ದಾಟಿ ಬಚ್ಚಲಿಗೆ ಹೋಗಬೇಕಿತ್ತು. ಕಾಲು ನಿಂತವು. ಹಿಡಿಯಲು ಏನಾದರೂ ಬೇಕಲ್ಲ ಎಂದು ಸೈಕಲ್ಲಿನ ಹ್ಯಾಂಡಲ್ ಹಿಡಿದೆ. ತಳ್ಳಿದೆ, ಅದು ಉರುಳಿತು, ಅದರ ಜೊತೆ ನಾನೂ ಹೆಜ್ಜೆ ಹಾಕಿದೆ. ಆಮೇಲೆ ಏನಾಯಿತು ಎಂದು ನನ್ನನ್ನು ಕೇಳಬೇಡಿ. ಮದುವೆಗೆ ಮುಂಚೆ ಇದೇ ಓಣಿಯಲ್ಲಿ ಅಪ್ಪನ ದೊಡ್ಡ ಸೈಕಲ್ಲನ್ನು ದಾಂಡಿಯ ಕೆಳಗೆ ಕಾಲು ತೂರಿಸಿ ಹೊಡೆದವಳು ನಾನು, ಕಲಿಸಿದವನು ಅಣ್ಣ. ಆ ಕಾಲಿಗೆ ಅದು ನೆನಪಿತ್ತು. ಬಲಗಾಲು ತಾನೇ ಎದ್ದು ಪೆಡಲಿನ ಮೇಲೆ ಕೂತಿತು. ನಾನು ಅಂಗಳದಿಂದ ಹೊರಗೆ ಹೋದೆ, ಓಣಿಯಲ್ಲಿ ಹೋದೆ, ಹನುಮಂತನ ಗುಡಿ ದಾಟಿದೆ. ಹೊಸ್ತಿಲು ದಾಟದ ಕಾಲುಗಳು ಗರಗರ ತುಳಿಯುತ್ತಿದ್ದವು. ಅಷ್ಟು ದಿನ ವೈರಿಯಾಗಿದ್ದ ಗಾಳಿ ಮುಖಕ್ಕೆ ಬಡಿಯಿತು. ಬಡಿಯಲಿ ಎಂದುಕೊಂಡೆ.

ಸಂತೋಷ ಎಷ್ಟಾಯಿತೋ ಅಷ್ಟೇ ಹೆದರಿಕೆಯೂ ಆಯಿತು, ಏಕೆಂದರೆ ಇಳಿಯುವುದು ಹೇಗೆ ಎಂದು ಕಾಲಿಗೆ ನೆನಪಿರಲಿಲ್ಲ. ಕೆಳಗಿಟ್ಟರೆ ನೆಲಕ್ಕೆ ಅಂಟಿಕೊಂಡು ಬೀಳುತ್ತೇನೆ. ಕೂಗಲೂ ದನಿಯಿಲ್ಲ, ಈ ಬ್ಯಾನೆ ದನಿಯನ್ನೂ ತಿಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಅಣ್ಣ ಓಡಿ ಬಂದು ಕ್ಯಾರಿಯರ್ ಹಿಡಿದ. ಸೈಕಲ್ ಗಟ್ಟಿಯಾಗಿ ನಿಂತಿತು.

"ಹೂಂ, ಇಳಿ ಇನ್ನ" ಎಂದ.

ಇಳಿದೆ. ತಿರುಗಿ ನೋಡಿದರೆ ಆ ಮಾತಿಲ್ಲದ ಮನುಷ್ಯ ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ.

ಮುಂದಿನ ತಿಂಗಳು ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ. ಕೆಲವರಿಗೆ ಹೀಗಾಗುತ್ತದೆ, ನಡಿಗೆ ಕೈಕೊಟ್ಟರೂ ಸೈಕಲ್ ಕೈಬಿಡುವುದಿಲ್ಲ ಎಂದರು. ದಿನಾ ಹೊಡೆಯಿರಿ, ಆದರೆ ದೊಡ್ಡ ರಸ್ತೆಗೆ ಹೋಗಬೇಡಿ, ಹತ್ತಿಸಲು ಇಳಿಸಲು ಒಬ್ಬರು ಇರಲೇಬೇಕು ಎಂದರು. ಆ ಒಬ್ಬರು ಅಣ್ಣನಾದ. ಸೈಕಲ್ಲನ್ನು ಬಸವಕಲ್ಯಾಣಕ್ಕೆ ತಂದು ನಮ್ಮ ಮನೆಯಲ್ಲಿಟ್ಟ. ದಿನಾ ಬೆಳಿಗ್ಗೆ ಹಾಲು ಹಾಕಿ ಮುಗಿಸಿ ನಮ್ಮ ಬಾಗಿಲಿಗೆ ಬರುತ್ತಿದ್ದ. ನಾನು ಮುಂದೆ ಸೈಕಲ್ ಮೇಲೆ, ಅವನು ಹಿಂದೆ ನಿಧಾನಕ್ಕೆ ಮೋಟರ್‌ಸೈಕಲ್ ಮೇಲೆ, ಖಾಲಿ ಕ್ಯಾನುಗಳು ಖಣಖಣ ಸದ್ದು ಮಾಡುತ್ತಿದ್ದವು. ತ್ರಿಪುರಾಂತ ಕೆರೆಯ ಹತ್ತಿರ ಒಂದು ಬಯಲಿದೆ. ಅಲ್ಲಿ ನಡುವೆ ಅಣ್ಣ ಕ್ಯಾನು ಬೋರಲು ಹಾಕಿ ಅದರ ಮೇಲೆ ಕೂಡುತ್ತಿದ್ದ. ನಾನು ಅವನ ಸುತ್ತ ಸೈಕಲ್ ಹೊಡೆಯುತ್ತಿದ್ದೆ. ಸುತ್ತು ಎಣಿಸುವ ಗೋಜು ನಮಗಿರಲಿಲ್ಲ. ನಾನು ದಣಿದದ್ದು ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಎದ್ದು ಬಂದು ಕ್ಯಾರಿಯರ್ ಹಿಡಿದು, "ಹೂಂ, ಇಳಿ ಇನ್ನ" ಎನ್ನುತ್ತಿದ್ದ. ಅವನು ಆ ಮಾತು ಅಂದರೆ ಕಾಲು ನೆಲ ಮುಟ್ಟುತ್ತಿತ್ತು. ಅನ್ನುವ ತನಕ ಮುಟ್ಟುತ್ತಿರಲಿಲ್ಲ.

ಏನೇನು ಒಳ್ಳೆಯದಾಯಿತು ಎಂದು ಈ ಬ್ಯಾನೆಯವರು ಕೇಳುತ್ತಾರೆ. ನಾಚಿಕೆ ಬಿಟ್ಟು ಹೇಳುತ್ತೇನೆ. ಹೊಟ್ಟೆ ಸಾಫಾಯಿತು, ಈ ರೋಗದಲ್ಲಿ ಅದೇ ದೊಡ್ಡ ಸುಖ. ನಿದ್ದೆ ಬಂತು. ಹಸಿವಾಗಿ ರೊಟ್ಟಿ ಕೇಳಿ ಉಂಡೆ. ಸೈಕಲ್ ಹೊಡೆದು ಬಂದ ಮೇಲೆ ಒಂದಿಷ್ಟು ಹೊತ್ತು ಕೈಗೆ ಅದರ ಹಳೆಯ ಅಕ್ಷರ ಬರುತ್ತಿತ್ತು, ಹಾಗಾಗಿ ಆ ಹೊತ್ತಿನಲ್ಲೇ ಕೂತು ಹೆಸರು ಕೊರೆಯುತ್ತಿದ್ದೆ. ಒಂದು ದಿನ ಕಾಯಿಪಲ್ಲೆ ಮಾರುವವಳು, "ಇವತ್ತ ನಕ್ಕೀರಲ್ರಿ ಬಾಯೋರ" ಎಂದಳು. ಬ್ಯಾನೆ ಹೋಗಲಿಲ್ಲ. ಅದು ಅಲ್ಲೇ ಇತ್ತು, ಸ್ವಲ್ಪ ಸರಿದು ನನಗೂ ಕೂಡಲು ಜಾಗ ಕೊಟ್ಟಿತು.

ಆದರೆ ಊರಿಗೆ ಬಾಯಿ ಇದೆಯಲ್ಲ. "ನಡಿಯಾಕ ಬರಲ್ಲ ಅಂತಾಳ, ಸೈಕಲ್ ಹೊಡಿಯಾಕ ಬರ್ತದ. ಮನಿ ಕೆಲಸ ಅಂದ್ರ ಅಷ್ಟೇ ಕಾಲ್ ಹಿಡೀತಾವ" ಎಂದು ಗುರಮ್ಮಕ್ಕ ಗೋಡೆಯಾಚೆಯಿಂದ ನನಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಅವರನ್ನು ದೂರಿ ಏನು ಮಾಡಲಿ, ನೋಡಿದವರಿಗೆ ಸೋಗೆಂದೇ ಕಾಣುತ್ತದೆ. ನನ್ನನ್ನು ಕೊರೆದದ್ದು ನಮ್ಮ ಮನೆಯವರ ನಾಚಿಕೆ. ವಯಸ್ಸಾದ ಹೆಂಡತಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಪೇಟೆಯಲ್ಲಿ ಸೈಕಲ್ ಮೇಲೆ ಬರುವಾಗ ಅವರು ಅಂಗಡಿಯ ಒಳಗೆ ಹೋಗಿ ಪಾತ್ರೆ ಜೋಡಿಸುತ್ತಿದ್ದರು. ಒಂದು ದಿನ ನಾನೇ ಕೇಳಿದೆ.

"ನೀವ್ ಒಂದಿನ ಕ್ಯಾರಿಯರ್ ಹಿಡೀಬಾರ್ದೇನ್ರಿ?"

"ನಿಮ್ಮಣ್ಣ ಹಿಡೀತಾನಲ್ಲ" ಎಂದರು. ಕೆಟ್ಟ ದನಿಯಲ್ಲಿ ಅನ್ನಲಿಲ್ಲ. ನನಗೆ ಮಾತ್ರ ಬಹಳ ನೋವಾಯಿತು.

ತೊಗರಿ ರಾಶಿಯಾಗಿ ಮುಗಿದಿದ್ದ ಹೊತ್ತು. ಅವತ್ತು ಬೆಳಿಗ್ಗೆ ನಾನು ಬಾಗಿಲಲ್ಲಿ ಸೈಕಲ್ ಹಿಡಿದು ಅಣ್ಣನಿಗೆ ಕಾಯುತ್ತಿದ್ದೆ. ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬಂತು. ಗುಳಿಗೆಯ ಜೋರು ಇಳಿಯುವುದರೊಳಗೆ ಬರಬಾರದೇ ಎಂದು ಮನಸ್ಸಿನಲ್ಲೇ ಅವನನ್ನು ಬೈಯುತ್ತಿದ್ದೆ. ಒಳಗೆ ಫೋನು ಬಡಿದುಕೊಂಡಿತು. ನಮ್ಮ ಮನೆಯವರು ಮಾತಾಡಿ ಹೊರಗೆ ಬಂದರು. ಅವರ ಮುಖ ನೋಡಿಯೇ ತಿಳಿಯಿತು. ಅವರ ಮುಖಕ್ಕೆ ಆ ಶಕ್ತಿ ಇದೆ.

ಎಮ್ಮೆ ಹಿಂಡುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದ್ದನಂತೆ. ಎದೆಬಡಿತ ನಿಂತಿತ್ತು. ಹಾಲಿನ ಪಾತ್ರೆ ಚೆಲ್ಲಿರಲಿಲ್ಲ ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು, ಅದೊಂದನ್ನೇ ಹೇಳುತ್ತಿದ್ದಳು.

ನನ್ನ ಕೈ ಸೈಕಲ್ಲಿನ ಹ್ಯಾಂಡಲ್ ಬಿಡಲಿಲ್ಲ. ಬಿಡಬಾರದು ಎಂದಲ್ಲ, ಬೆರಳು ಬಿಗಿದುಕೊಂಡುಬಿಟ್ಟಿದ್ದವು. ಬಾಡಿಗೆಯ ಟಂಟಂ ಆಟೋ ಬಂದು ನಿಂತಿತ್ತು. "ಬಿಡು ಮಹಾದೇವಿ, ಸತ್ತ ಮನಿಗಿ ಯಾರರ ಸೈಕಲ್ ತಗೊಂಡ್ ಹೋಗ್ತಾರೇನ" ಎಂದರು ನಮ್ಮ ಮನೆಯವರು. ಬೆರಳು ಬಿಡಿಸಲು ನೋಡಿದರು, ಆಗಲಿಲ್ಲ. ಬೀದಿಯ ಜನ ನೋಡುತ್ತಿದ್ದರು. ಕೊನೆಗೆ ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೇ ಟಂಟಂ ಹಿಂದೆ ಹತ್ತಿಸಿದರು. ಮಂಠಾಳ ಬರುವ ತನಕ ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ.

ಅಣ್ಣನನ್ನು ಪಡಸಾಲೆಯಲ್ಲಿ ಕೂಡಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತೇವೆ, ಕೂಡಿಸಿಯೇ ಮಣ್ಣು ಮಾಡುತ್ತೇವೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಗೋಡೆಗೆ ಒರಗಿ ಕೂತಿದ್ದ. ಸುತ್ತ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಒಡಹುಟ್ಟಿದ ತಂಗಿ ಬಂದಳು ಎಂದು ಎಲ್ಲರೂ ಜಾಗ ಬಿಟ್ಟರು. ತಂಗಿ ಬಂದರೆ ಅವಳ ಅಳು ಊರಿಗೇ ಕೇಳಬೇಕು. ಅಣ್ಣನ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಬೇಕು. ನನಗೆ ಅವೆಲ್ಲ ಗೊತ್ತಿದ್ದವು. ಬಾಯಿ ತೆರೆದೆ. ಉಸಿರಿನಷ್ಟು ದನಿಯೂ ಬರಲಿಲ್ಲ. ಮುಖ ಕಲ್ಲಾಗಿ ಕೂತಿತ್ತು. ಹಿಂದೆ ಯಾರೋ, "ನೋಡ್ರಿ, ಅಣ್ಣ ಸತ್ತರೂ ಮಾರಿ ಮ್ಯಾಲ ಒಂದ್ ಗೆರಿ ಇಲ್ಲ" ಎಂದರು. ವೈನಿ ಅವರತ್ತ ತಿರುಗಿ, "ಸುಮ್ಮನಿರ್ರಿ, ಅಕಿನ ಬ್ಯಾನಿ ಅದು" ಎಂದಳು. ಗಂಡನನ್ನು ಕಳೆದುಕೊಂಡು ಕೂತ ಆ ಹೊತ್ತಿನಲ್ಲಿ ನನ್ನ ಪರವಾಗಿ ಮಾತಾಡಿದ ಆ ಹೆಂಗಸಿನ ಋಣ ದೊಡ್ಡದು.

ಅಣ್ಣನನ್ನು ವಿಮಾನದಲ್ಲಿ, ಹೂವು ಕಟ್ಟಿದ ಚಟ್ಟದಲ್ಲಿ, ಕೂಡಿಸಿ ಎತ್ತಿದರು. ನಮ್ಮ ಮನೆಯವರು ಹೆಗಲು ಕೊಡಲು ಹೋಗುವ ಮುಂಚೆ ನನ್ನ ಹತ್ತಿರ ಬಂದು, "ನೀ ಇಲ್ಲೇ ಇರು, ನಿನ್ನ ಕಡಿಂದ ಆಗಲ್ಲ" ಎಂದರು. ಮಣ್ಣು ಮಾಡುವುದು ಊರಾಚೆಯ ನಮ್ಮ ಹೊಲದಲ್ಲಿ. ನಮ್ಮಲ್ಲಿ ಹೆಣ್ಣುಮಕ್ಕಳೂ ಮಣ್ಣಿಗೆ ಹೋಗುತ್ತಾರೆ. ಎಲ್ಲರೂ ಬರಿಗಾಲಲ್ಲಿ ವಿಮಾನದ ಹಿಂದೆ ನಡೆಯುತ್ತಾರೆ. ಎಂಥ ಸಾಹುಕಾರನೂ ಗಾಡಿ ಹತ್ತುವುದಿಲ್ಲ. ಹಲಗೆ ಬಾರಿಸುವ ಸದ್ದು ಓಣಿ ತಿರುಗಿತು. ನಾನು ತವರಿನ ಹೊಸ್ತಿಲಲ್ಲಿ ಅಂಟಿಕೊಂಡು ನಿಂತಿದ್ದೆ. ಅಳಲಿಲ್ಲ, ಹಾಡಲಿಲ್ಲ, ಈಗ ಒಂದು ಹಿಡಿ ಮಣ್ಣನ್ನೂ ಹಾಕದೆ ಅಣ್ಣನನ್ನು ಕಳಿಸುತ್ತಿದ್ದೇನೆ. ಅಷ್ಟು ಅನಾಥಳೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಕಾವೇರಿ ಹಿಂದೆ ಉಳಿದಿದ್ದಳು. ಅಜ್ಜಿಯರ ಹಾಗೆ ಅವಳು ಯೋಚಿಸಲಿಲ್ಲ. ಸೈಕಲ್ ತಂದು ಹೊಸ್ತಿಲಿಗೆ ತಾಗಿಸಿ ನಿಲ್ಲಿಸಿದಳು.

"ಜನಾ ಏನಂತಾರ?" ಎಂದೆ.

"ಅಂದವ್ರಿಗಿ ಮುತ್ಯಾನೇ ಕೇಳ್ಕೊಂತಿದ್ದ. ಹತ್ತು" ಎಂದು ಅಜ್ಜನ ಪರವಾಗಿ ತಾನೇ ಅಪ್ಪಣೆ ಕೊಟ್ಟಳು.

ಹತ್ತಿಸಿದಳು. ಬರಿಗಾಲಲ್ಲಿ ಪೆಡಲ್ ತುಳಿದೆ. ಓಣಿಯ ಜನ ಸರಿದು ದಾರಿ ಬಿಟ್ಟರು. ಯಾರೋ ತಡೆಯಲು ಬಂದರು, ಯಾರೋ ಬೇಡ ಎಂದರು. ಕಾವೇರಿ ಹಿಂದೆ ಓಡಿ ಬರುತ್ತಿದ್ದಳು, ನಾನು ಅವಳಿಗಿಂತ ಮುಂದಾದೆ. ನಡೆಯುವವರಿಗಾಗಿ ನಿಧಾನ ಮಾಡಲು ಬರದು, ನಿಧಾನವಾದರೆ ಬೀಳುತ್ತೇನೆ. ಹೊಲ ಮುಟ್ಟುವಾಗ ವಿಮಾನವನ್ನು ಕಣದ ನಡುವೆ ಇಳಿಸಿದ್ದರು. ಪಕ್ಕದಲ್ಲಿ ತೋಡಿದ ಕುಣಿಯ ಹತ್ತಿರ ಅಯ್ಯನವರು ಪೂಜೆಗೆ ಅಣಿ ಮಾಡುತ್ತಿದ್ದರು. ತೊಗರಿ ರಾಶಿ ಮಾಡಿದ ಕಣ ಗಟ್ಟಿಯಾಗಿ, ದುಂಡಗೆ ಇತ್ತು.

ಇಳಿಯಬೇಕಿತ್ತು. ಕಾಲು ಕೇಳಲಿಲ್ಲ. ಕಾವೇರಿ ಇನ್ನೂ ದೂರವಿದ್ದಳು. ನಾನು ಕಣದ ಅಂಚಿನಲ್ಲಿ ಸುತ್ತಿ ಬಂದೆ. ಮತ್ತೆ ಸುತ್ತಿದೆ. ನೆರೆದವರು ಮಾತು ನಿಲ್ಲಿಸಿದರು. ಒಬ್ಬ ಮುದುಕಿ ಕೈಮುಗಿದು, "ತಂಗಿ ಅಣ್ಣಗ ಪ್ರದಕ್ಷಿಣಿ ಹಾಕಾಕತ್ತಾಳ" ಎಂದಳು. ಗಂಡಸರು ತಲೆಯ ಮೇಲಿನ ಟವೆಲು ತೆಗೆದರು. ಎಲ್ಲರೂ ಕೈಮುಗಿದು ನಿಂತರು. ನಾನು ಪ್ರದಕ್ಷಿಣೆ ಹಾಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಯಲಿನಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದೆ. ನಡುವೆ ಅಣ್ಣ ಕೂತಿದ್ದ. ಅವನು ಎದ್ದು ಬಂದು ಇಳಿ ಅನ್ನುವ ತನಕ ನನಗೆ ಇಳಿಯಲು ಬರುತ್ತಿರಲಿಲ್ಲ, ಅವನು ಅನ್ನುತ್ತಿರಲಿಲ್ಲ.

ಆ ಜನರಲ್ಲಿ ಇದು ಪ್ರದಕ್ಷಿಣೆ ಅಲ್ಲವೆಂದು ತಿಳಿದವರು ಒಬ್ಬರೇ. ನಮ್ಮ ಮನೆಯವರು ಗುಂಪಿನಿಂದ ಹೊರಗೆ ಬಂದು ನನ್ನ ಹಿಂದೆ ಓಡಿದರು. ಧೋತರ ಕಾಲಿಗೆ ತೊಡರಿತು, ಒಂದು ಕೈಯಲ್ಲಿ ಎತ್ತಿ ಹಿಡಿದು ಓಡಿದರು. ಕ್ಯಾರಿಯರ್ ಹಿಡಿದರು. ಹಿಡಿದ ರೀತಿ ತಪ್ಪಿತ್ತು, ಸೈಕಲ್ ಒಂದು ಕಡೆಗೆ ವಾಲಿತು, ಎದೆ ಕೊಟ್ಟು ನಿಲ್ಲಿಸಿದರು.

"ಇಳಿ ಮಹಾದೇವಿ" ಎಂದರು. ಏದುಸಿರಿನಲ್ಲಿ ಅವರ ದನಿಯೂ ನನ್ನದರಷ್ಟೇ ಸಣ್ಣಗಿತ್ತು. "ನಾ ಹಿಡದೀನಿ."

ಇಳಿದೆ. ಇಳಿದಲ್ಲೇ ಅಂಟಿಕೊಂಡೆ. ಅಣ್ಣ ಕೂತಿದ್ದು ಕೆಲವೇ ಹೆಜ್ಜೆಗಳ ಆಚೆ. ಆಗ ಅವರು ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ಮಂಠಾಳದ ಅಷ್ಟೂ ಜನರ ಎದುರಿಗೆ ತಮ್ಮ ಬರಿಪಾದವನ್ನು ನನ್ನ ಪಾದದ ಮುಂದೆ ಅಡ್ಡ ಇಟ್ಟರು.

"ದಾಟು" ಎಂದರು.

ನಾನು ಅವರ ಮುಖ ನೋಡಿದೆ. ಪಾಪದ ಮಾತು ಬಾಯಿಗೆ ಬರಲಿಲ್ಲ. ದಾಟಿದೆ. ಮತ್ತೆ ಇಟ್ಟರು, ಮತ್ತೆ ದಾಟಿದೆ. ಹಾಗೇ ಅಣ್ಣನ ಹತ್ತಿರ ಹೋದೆ. ಅವನ ಪಾದ ಮುಟ್ಟಿದೆ. ಕುಣಿಯಲ್ಲಿ ಕೂಡಿಸಿ ಪತ್ರಿ ಹಾಕಿದ ಮೇಲೆ ಒಂದು ಹಿಡಿ ಮಣ್ಣನ್ನು ನನ್ನ ಕೈಯಿಂದಲೇ ಹಾಕಿದೆ. ಕೈ ನಡುಗುತ್ತಿತ್ತು, ಮಣ್ಣು ಸ್ವಲ್ಪ ಸ್ವಲ್ಪವೇ ಉದುರಿತು.

ಅಣ್ಣ ಹೋಗಿ ವರ್ಷವಾಗುತ್ತ ಬಂತು. ವರ್ಷದ ದಿನ ಹಂಚಲು ವೈನಿ ತಂಬಿಗೆಗಳನ್ನು ಹೇಳಿದ್ದಾಳೆ, ಅವುಗಳ ಮೇಲೆ ಅವನ ಹೆಸರು ಹಾಕಬೇಕು. ಸೈಕಲ್ ಹೊಡೆದು ಬಂದ ಮೇಲಿನ ಹೊತ್ತಿನಲ್ಲಿ ದಿನಕ್ಕೆ ಒಂದೆರಡು ಕೊರೆಯುತ್ತೇನೆ. ಬ್ಯಾನೆ ಮೊದಲಿಗಿಂತ ಒಂದು ಹೆಜ್ಜೆ ಮುಂದೆ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಮುಂದೊಂದು ದಿನ ಸೈಕಲ್ಲೂ ಕೈಬಿಡಬಹುದು. ಇದೇ ಬ್ಯಾನೆಯಿಂದ ಬಾಗಿಲು ಮುಚ್ಚಿಕೊಂಡು ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಹೇಳುವುದಿಷ್ಟೇ: ಡಾಕ್ಟರನ್ನು ಕೇಳಿ, ಹಿಂದೆ ಹಿಡಿಯಲು ಒಬ್ಬರನ್ನು ಇಟ್ಟುಕೊಳ್ಳಿ, ಗಾಳಿಗೆ ಹೊರಗೆ ಬನ್ನಿ.

ಈಗ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಮ್ಮ ಮನೆಯವರು ನನ್ನ ಜೊತೆ ಕೆರೆಯ ಬಯಲಿಗೆ ಬರುತ್ತಾರೆ. ನಡುವೆ ಕೂಡುವುದಿಲ್ಲ, ಆ ಜಾಗ ಬಿಟ್ಟು ಬದಿಗೆ ನಿಲ್ಲುತ್ತಾರೆ. ನಾನು ಯಾವಾಗ ದಣಿಯುತ್ತೇನೆ ಎಂದು ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಹತ್ತಿರ ಬಂದಾಗಲೆಲ್ಲ ಕೇಳುತ್ತಾರೆ.

"ಇಳೀತಿಯೇನು?"

ಇನ್ನೂ ಇಲ್ಲರಿ ಎನ್ನುತ್ತೇನೆ. ಆ ಖಾಲಿ ಜಾಗದ ಸುತ್ತ ಇನ್ನೊಂದು ಸುತ್ತು ಹೋಗುತ್ತೇನೆ.